ಕಬ್ಬಿಗೂ ಬೆಲ್ಲಕ್ಕೂ ನಡುವಿನ ಗೆರೆ: ವಸ್ತುಗಳು ಹೇಗೆ ತಯಾರಾಗುತ್ತವೆ ಅಂತ ಪುಟ್ಟ ಮಕ್ಕಳಿಗೆ ಕಲಿಸುವ ಸಮಗ್ರ ಮಾರ್ಗದರ್ಶಿ

ಎರಡನೇ ತರಗತಿಯ ಮಗುವಿನ ಅಂಗೈಗೆ ಒಂದು ಚೂರು ಬೆಲ್ಲ ಇಟ್ಟು, "ಇದು ಎಲ್ಲಿಂದ ಬಂತು?" ಅಂತ ಕೇಳಿ. "ಅಂಗಡಿಯಿಂದ" ಅನ್ನುತ್ತದೆ. ಮಂಡ್ಯ ಕಡೆಯ ಮಕ್ಕಳೂ ಹೀಗೇ ಹೇಳಿದ್ದನ್ನು ಮೊದಲ ಸಲ ಕೇಳಿದಾಗ ನನಗೆ ಸಂಕಟವಾಗಿತ್ತು. ಕಾಂಪೌಂಡಿನ ಆಚೆಗೇ ಕಬ್ಬಿನ ಗದ್ದೆ. ಗಾಳಿ ಈ ಕಡೆ ತಿರುಗಿದರೆ ಆಲೆಮನೆಯ ಪಾಕದ ವಾಸನೆ ಕ್ಲಾಸಿನೊಳಗೇ ಬರುತ್ತದೆ. ಆದರೂ ಬೆಲ್ಲ ಹುಟ್ಟುವುದು ಅಂಗಡಿಯಲ್ಲಿ!

ತಪ್ಪು ಮಕ್ಕಳದಲ್ಲ. ನಾವು ಕಲಿಸುವುದೇ ಹಾಗೆ. ಈ ಕಡೆ ಕಬ್ಬು, ಹತ್ತಿ, ಮಣ್ಣು. ಆ ಕಡೆ ಬೆಲ್ಲ, ಬಟ್ಟೆ, ಮಡಕೆ. "ಹೊಂದಿಸಿ ಬರೆಯಿರಿ." ಮಗು ಕಬ್ಬಿನಿಂದ ಬೆಲ್ಲಕ್ಕೆ ಒಂದು ಗೆರೆ ಎಳೆಯುತ್ತದೆ. ನಾವು ರೈಟ್ ಹಾಕುತ್ತೇವೆ. ಆ ಗೆರೆಯ ಮೇಲೆ ನಾಟಿ ಮಾಡಿದವರು, ನೀರು ಕಟ್ಟಿದವರು, ಕಡಿದವರು, ಹೊತ್ತವರು, ಉರಿ ಹಾಕಿದವರು ಎಲ್ಲ ನಿಂತಿದ್ದಾರೆ. ಒಬ್ಬರೂ ಕಾಣುವುದಿಲ್ಲ. ಆ ಗೆರೆಯನ್ನು ಬಿಡಿಸಿ ತೋರಿಸುವುದೇ ಇಲ್ಲಿ ನಮ್ಮ ಕೆಲಸ.

ಇದು 5ರಿಂದ 8 ವರ್ಷದ ಮಕ್ಕಳಿಗೆ. ದಿನಕ್ಕೆ ಅರ್ಧ ಗಂಟೆಯಂತೆ ಹತ್ತು ದಿನ ಸಾಕು (ಬೆಲ್ಲ ಕಾಯಿಸುವ ದಿನ ಮಾತ್ರ ಒಂದೂವರೆ ಗಂಟೆ), ಜೊತೆಗೆ ಒಂದು ದಿನದ ಹೊರಸಂಚಾರ. ಶಾಲೆಯಲ್ಲೂ ಮಾಡಬಹುದು, ಮನೆಯಲ್ಲೂ ಮಾಡಬಹುದು. ಸಂಕ್ರಾಂತಿಗೆ ಮುಂಚಿನ ಎರಡು ವಾರ ಹೇಳಿಮಾಡಿಸಿದ ಹೊತ್ತು. ಎಲ್ಲ ಕಡೆ ಕಬ್ಬು ಸಿಗುತ್ತದೆ, ಮನೆಯಲ್ಲಿ ಎಳ್ಳು ಬೆಲ್ಲದ ತಯಾರಿಯೂ ನಡೆದಿರುತ್ತದೆ.

ಹೆಜ್ಜೆ 1: ಒಂದೇ ಒಂದು ವಸ್ತು ಆರಿಸಿ

ಹತ್ತು ವಸ್ತು ತೋರಿಸುವ ಆಸೆ ಬೇಡ. ಒಂದನ್ನು ಬುಡದ ತನಕ ನೋಡಿದ ಮಗು ಉಳಿದದ್ದನ್ನು ತಾನೇ ಕೇಳಲು ಶುರು ಮಾಡುತ್ತದೆ.

ಆರಿಸುವಾಗ ಮೂರು ವಿಷಯ ನೋಡಿಕೊಳ್ಳಿ. ಮಗು ಅದನ್ನು ದಿನಾ ಮುಟ್ಟುವಂತಿರಬೇಕು. ಅದು ಆಗುವ ಬಗೆ ಐದಾರು ಹಂತದಲ್ಲಿ ಮುಗಿಯಬೇಕು. ಒಂದು ಹಂತವನ್ನಾದರೂ ಮಗು ತನ್ನ ಕೈಯಾರೆ ಮಾಡುವಂತಿರಬೇಕು. ಮೊಬೈಲ್ ಫೋನು, ಚಾಕೊಲೇಟು, ಬಿಸ್ಕತ್ತು ಈ ವಯಸ್ಸಿಗೆ ಬೇಡ. ಅವುಗಳ ಹಾದಿ ತುಂಬಾ ಕವಲೊಡೆಯುತ್ತದೆ, ದೊಡ್ಡವರಿಗೇ ಹಿಡಿಯಲು ಆಗಲ್ಲ.

ನಿಮ್ಮ ಊರಿಗೆ ತಕ್ಕದ್ದನ್ನು ಹಿಡಿಯಿರಿ. ಗೋಕರ್ಣ, ಕುಮಟಾ ಕಡೆಯವರಿಗೆ ಸಾಣಿಕಟ್ಟೆಯ ಉಪ್ಪಿದೆ. ಮಂಗಳೂರಿನವರಿಗೆ ಹಂಚಿದೆ. ಅಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲೇ ಹಂಚಿನ ಕಾರ್ಖಾನೆ ಹಾಕಿದ್ದರು, ಎಷ್ಟೋ ಮನೆಗಳ ಮಾಡಿನಲ್ಲಿ ಇನ್ನೂ ಹಳೇ ಹಂಚಿದೆ. ಚನ್ನಪಟ್ಟಣದ ಸುತ್ತಮುತ್ತ ಇದ್ದರೆ ಅರಗಿನ ಬೊಂಬೆಗಿಂತ ಒಳ್ಳೆಯದು ಯಾವುದಿದೆ? ಮರ ಒಂದು ಕಡೆಯಿಂದ, ಅರಗು ಒಂದು ಹುಳದಿಂದ, ಹೊಳಪು ಕೇದಗೆ ಜಾತಿಯ ಗರಿಯಿಂದ. ಮಲೆನಾಡಿನಲ್ಲಿ ಅಡಿಕೆ ಹಾಳೆಯ ತಟ್ಟೆ. ಬೆಂಗಳೂರಿನ ಫ್ಲ್ಯಾಟಿನಲ್ಲಿದ್ದರೆ ಹಾಲಿನ ಪ್ಯಾಕೆಟ್ಟು: ಹಸು, ಹಳ್ಳಿಯ ಹಾಲಿನ ಸೊಸೈಟಿ, ಡೈರಿ, ಬೆಳಗಿನ ಜಾವ ಗೇಟಿನ ಹತ್ತಿರ ಕ್ರೇಟು ಇಳಿಸುವವರು.

ನಾನು ಇಲ್ಲಿ ಬೆಲ್ಲ ಹಿಡಿಯುತ್ತೇನೆ. ನನಗೆ ಗೊತ್ತಿರುವುದು ಅದು. ಹಾದಿ ಎಲ್ಲ ವಸ್ತುಗಳಿಗೂ ಒಂದೇ.

ಹೆಜ್ಜೆ 2: ಮೊದಲು ನೀವು ಕಲಿಯಿರಿ

ಈ ಹೆಜ್ಜೆಯನ್ನು ದಾಟಿಸಿ ಓಡಬೇಡಿ. ನಿಮಗೆ ಗೊತ್ತಿಲ್ಲದ್ದನ್ನು ಮಗು ಎರಡನೇ ಪ್ರಶ್ನೆಯಲ್ಲೇ ಪತ್ತೆಹಚ್ಚುತ್ತದೆ. ಬೆಲ್ಲದ ಮಟ್ಟಿಗೆ ಇಷ್ಟು ತಿಳಿದಿದ್ದರೆ ಸಾಕು.

ಕಬ್ಬಿಗೆ ಬೀಜ ಬಿತ್ತುವುದಿಲ್ಲ. ಬಲಿತ ಕಬ್ಬನ್ನೇ ಎರಡು ಮೂರು ಕಣ್ಣು ಇರುವ ತುಂಡು ಮಾಡಿ ನೆಡುತ್ತಾರೆ. ಗೆಣ್ಣಿನ ಹತ್ತಿರ ಇರುವ ಆ ಪುಟ್ಟ ಕಣ್ಣೇ ಮೊಳಕೆ. ಕಟಾವಿಗೆ ಬರಲು ಹತ್ತರಿಂದ ಹನ್ನೆರಡು ತಿಂಗಳು ಬೇಕು. ಕಡಿದ ಮೇಲೆ ಅದೇ ಬುಡದಿಂದ ಮತ್ತೆ ಚಿಗುರುತ್ತದೆ, ಅದನ್ನು ಕೂಳೆ ಬೆಳೆ ಅಂತಾರೆ. ಕಬ್ಬು ನೀರು ಜಾಸ್ತಿ ಕೇಳುವ ಬೆಳೆ. ಮಂಡ್ಯದ ಗದ್ದೆಗಳಿಗೆ ನೀರು ಬರುವುದು ಕನ್ನಂಬಾಡಿ ಕಟ್ಟೆಯಿಂದ, ವಿಶ್ವೇಶ್ವರಯ್ಯ ನಾಲೆಯಲ್ಲಿ. ಕಟ್ಟೆಯ ಕೆಲಸ ಶುರುವಾಗಿದ್ದು 1911ರಲ್ಲಿ. ನಾಲೆ ಬಂತು, ಕಬ್ಬು ಬಂತು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯೂ ಬಂತು. ಮಕ್ಕಳಿಗೆ ಈ ಇಸವಿಗಳು ಬೇಡ. "ಈ ನಾಲೆಯನ್ನೂ ಯಾರೋ ಅಗೆದಿದ್ದಾರೆ" ಅನ್ನುವುದು ಮಾತ್ರ ಬೇಕು.

ಕಬ್ಬು ಕಡಿಯುವವರು ಬುಡಕ್ಕೆ ಮಚ್ಚು ಹಾಕಿ, ಸೋಗೆ ಸವರಿ, ಕಂತೆ ಕಟ್ಟುತ್ತಾರೆ. ಸೋಗೆ ದನಕ್ಕೆ ಮೇವು. ಕಡಿದ ಕಬ್ಬನ್ನು ಬೇಗ ಅರೆಯಬೇಕು, ದಿನ ಕಳೆದಷ್ಟೂ ಸಿಹಿ ಇಳಿಯುತ್ತದೆ. ಆಲೆಮನೆಯಲ್ಲಿ ಗಾಣಕ್ಕೆ ಕೊಟ್ಟರೆ ಒಂದು ಕಡೆ ಕಬ್ಬಿನ ಹಾಲು, ಅಂದರೆ ರಸ, ಇನ್ನೊಂದು ಕಡೆ ಸಿಪ್ಪೆ. ಹಿಂದೆ ಗಾಣ ತಿರುಗಿಸಲು ಎತ್ತು, ಮಲೆನಾಡಿನಲ್ಲಿ ಕೋಣ ಕಟ್ಟುತ್ತಿದ್ದರು. ಈಗ ಹೆಚ್ಚಾಗಿ ಮೋಟಾರು. ಸಿಪ್ಪೆಯನ್ನು ಬಿಸಿಲಿಗೆ ಹರಡಿ ಒಣಗಿಸಿ ಅದನ್ನೇ ಒಲೆಗೆ ಹಾಕುತ್ತಾರೆ. ತನ್ನ ಹಾಲನ್ನು ತಾನೇ ಕಾಯಿಸಿಕೊಳ್ಳುವ ಗಿಡ ಇದು! ಮಕ್ಕಳಿಗೆ ಈ ಮಾತು ತುಂಬಾ ಹಿಡಿಸುತ್ತದೆ.

ಸೋಸಿದ ಹಾಲು ದೊಡ್ಡ ಕೊಪ್ಪರಿಗೆಗೆ ಬೀಳುತ್ತದೆ. ಕಾದಂತೆ ಸ್ವಲ್ಪ ಸುಣ್ಣ ಹಾಕುತ್ತಾರೆ, ಕೊಳೆ ಮೇಲೆ ಬರುತ್ತದೆ. ಅದನ್ನು ಜಾಲರಿಯಲ್ಲಿ ತೆಗೆಯುತ್ತಲೇ ಇರಬೇಕು. ಕೆಲವು ಕಡೆ ಬೆಂಡೆ ಗಿಡದ ಲೋಳೆ ಹಾಕಿಯೂ ಕೊಳೆ ತೆಗೆಯುವುದುಂಟು. ಬಣ್ಣ ಹಳದಿಯಾಗಿ ಮಿಂಚಲಿ ಅಂತ ರಾಸಾಯನಿಕ ಹಾಕುವವರೂ ಇದ್ದಾರೆ. ಹಾಕದ ಬೆಲ್ಲ ಸಾಮಾನ್ಯವಾಗಿ ಕಂದು ಬಣ್ಣಕ್ಕಿರುತ್ತದೆ. ಕೊನೆಗೆ ಪಾಕ ನೋಡುವ ಕೆಲಸ. ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಉಂಡೆ ನಿಂತರೆ ಹದ. ಒಂದೆರಡು ನಿಮಿಷ ಆಚೀಚೆ ಆದರೂ ಇಡೀ ಕೊಪ್ಪರಿಗೆ ಕೆಡುತ್ತದೆ. ಆಮೇಲೆ ಅಗಲವಾದ ತೊಟ್ಟಿಗೆ ಸುರಿದು, ಮಗುಚಿ, ಒದ್ದೆ ಮಾಡಿದ ಮರದ ಅಚ್ಚಿಗೆ ತುಂಬುತ್ತಾರೆ. ಮಂಡ್ಯದ ಮಾರುಕಟ್ಟೆಗೆ ಹೋದರೆ ಅಚ್ಚು ಬೆಲ್ಲ, ಬಕೆಟ್ ಬೆಲ್ಲ, ಕುರಿಕಟ್ಟು ಬೆಲ್ಲ ಅಂತ ಬೇರೆ ಬೇರೆ ಹೆಸರು ಕೇಳುತ್ತೀರಿ. ಸುಮಾರು 100 ಕಿಲೋ ಕಬ್ಬಿಗೆ 10 ಕಿಲೋ ಬೆಲ್ಲ.

ಹೆಜ್ಜೆ 3: ಹಿಂದಕ್ಕೆ ನಡೆಯಿರಿ

ಮೊದಲ ದಿನ ಪಾಠ ಮಾಡಬೇಡಿ. ಎಲ್ಲರಿಗೂ ಒಂದೊಂದು ಚೂರು ಬೆಲ್ಲ ಕೊಡಿ. ಮೂಸಲಿ. ಬೆಳಕಿಗೆ ಹಿಡಿದು ನೋಡಲಿ. ಅರ್ಧ ಕಚ್ಚಿ, ಮುರಿದ ಜಾಗದ ಹರಳು ನೋಡಲಿ. ಆಮೇಲೆ ತಿನ್ನಲಿ.

ಈಗ ಕೇಳಿ: "ಇದು ನಿನ್ನ ಕೈಗೆ ಬರೋಕೆ ಮುಂಚೆ ಎಲ್ಲಿತ್ತು?" ಡಬ್ಬಿಯಲ್ಲಿ. "ಅದಕ್ಕೂ ಮುಂಚೆ?" ಅಂಗಡಿಯಲ್ಲಿ. "ಅದಕ್ಕೂ ಮುಂಚೆ?" ಇಲ್ಲಿ ಕ್ಲಾಸು ಒಂದು ಗಳಿಗೆ ಸುಮ್ಮನಾಗುತ್ತದೆ. ಆ ಮೌನವನ್ನು ನೀವು ತುಂಬಬೇಡಿ. ಲಾರಿಯಲ್ಲಿತ್ತು, ಫ್ಯಾಕ್ಟರಿಯಲ್ಲಿತ್ತು, ಮರದಲ್ಲಿತ್ತು, ಏನಾದರೂ ಹೇಳಲಿ. ಎಲ್ಲವನ್ನೂ ಮಕ್ಕಳ ಮಾತಿನಲ್ಲೇ ಒಂದು ದೊಡ್ಡ ಹಾಳೆಯ ಮೇಲೆ ಬರೆಯಿರಿ. ತಪ್ಪನ್ನೂ ಬರೆಯಿರಿ. ಹತ್ತನೇ ದಿನ ಈ ಹಾಳೆ ಮತ್ತೆ ಬೇಕು.

ಹಿಂದಕ್ಕೇ ಯಾಕೆ, ಕಬ್ಬಿನಿಂದ ಮುಂದಕ್ಕೆ ಬರಬಾರದಾ ಅಂತ ಕೇಳಬಹುದು. ಕಬ್ಬಿನಿಂದ ಶುರು ಮಾಡಿದರೆ ಅದು ನಮ್ಮ ಕಥೆ, ಮಗು ಕೇಳುತ್ತಾ ಕೂರುತ್ತದೆ. ಕೈಯಲ್ಲಿರುವ ಬೆಲ್ಲದಿಂದ ಹಿಂದಕ್ಕೆ ಹೋದರೆ ಮಗುವೇ ಹುಡುಕುತ್ತದೆ.

ಅದೇ ದಿನ ಇನ್ನೊಂದು ಕೆಲಸ. ಒಂದು ಕುಂಡದಲ್ಲಿ ಎರಡು ಕಣ್ಣಿನ ಕಬ್ಬಿನ ತುಂಡನ್ನು ಅಡ್ಡಲಾಗಿ ಮಲಗಿಸಿ, ತೆಳುವಾಗಿ ಮಣ್ಣು ಮುಚ್ಚಿ, ಮಕ್ಕಳ ಕೈಯಲ್ಲೇ ನೀರು ಹಾಕಿಸಿ. ಸಿಪ್ಪೆ ಹೆರೆದ ಕಬ್ಬು ಬೇಡ, ಕಣ್ಣು ಹೋಗಿರುತ್ತದೆ. ಎರಡು ಮೂರು ವಾರದಲ್ಲಿ ಮೊಳಕೆ ಕಾಣುತ್ತದೆ.

ಹೆಜ್ಜೆ 4: ಮೂರು ಬುಟ್ಟಿ

ಸಂಪನ್ಮೂಲ ಅನ್ನುವ ಪದವನ್ನು ಈ ವಯಸ್ಸಿಗೆ ತರಲೇಬೇಡಿ. ಮೂರು ಬುಟ್ಟಿ ಇಡಿ. ಒಂದಕ್ಕೆ "ನೆಲ ಕೊಟ್ಟಿದ್ದು", ಇನ್ನೊಂದಕ್ಕೆ "ಜನ ದುಡಿದಿದ್ದು", ಮೂರನೆಯದಕ್ಕೆ "ಸಲಕರಣೆ" ಅಂತ ಚೀಟಿ ಅಂಟಿಸಿ. ರಟ್ಟಿನ ಮೇಲೆ ಚಿತ್ರ ಬರೆದು ಕಾರ್ಡು ಮಾಡಿ: ಮಣ್ಣು, ನೀರು, ಬಿಸಿಲು, ಕಬ್ಬು, ಸುಣ್ಣ, ಎತ್ತು, ಮಚ್ಚು, ಗಾಡಿ, ಗಾಣ, ಕೊಪ್ಪರಿಗೆ, ಅಚ್ಚು. ಜನರನ್ನು ಒಂದೇ ಕಾರ್ಡಿನಲ್ಲಿ "ಕೆಲಸಗಾರರು" ಅಂತ ಹಾಕಬೇಡಿ. ನಾಟಿ ಮಾಡುವವರು, ನೀರು ಕಟ್ಟುವವರು, ಕಡಿಯುವವರು, ಗಾಡಿ ಹೊಡೆಯುವವರು, ಗಾಣಕ್ಕೆ ಕಬ್ಬು ಕೊಡುವವರು, ಸಿಪ್ಪೆ ಒಣಗಿಸುವವರು, ಉರಿ ಹಾಕುವವರು, ಪಾಕ ನೋಡುವವರು, ಅಚ್ಚಿಗೆ ತುಂಬುವವರು, ಅಂಗಡಿಯವರು. ಒಬ್ಬೊಬ್ಬರಿಗೂ ಒಂದೊಂದು ಕಾರ್ಡು. ಅರ್ಧಕ್ಕಾದರೂ ಹೆಂಗಸರನ್ನು ಬರೆಯಿರಿ, ಗದ್ದೆಯಲ್ಲಿ ಅವರೂ ದುಡಿಯುತ್ತಾರೆ.

ಮಕ್ಕಳು ಒಂದೊಂದೇ ಕಾರ್ಡನ್ನು ಬುಟ್ಟಿಗೆ ಹಾಕುತ್ತಾ ಹೋಗಲಿ. ಈ ಆಟದ ಜೀವ ಇರುವುದು ಜಗಳದಲ್ಲಿ. ಎತ್ತು ಯಾವ ಬುಟ್ಟಿಗೆ? ಒಬ್ಬ "ನೆಲದ್ದು" ಅನ್ನುತ್ತಾನೆ. ಇನ್ನೊಬ್ಬಳು "ಅದು ಗಾಣ ತಿರುಗಿಸುತ್ತಲ್ವಾ, ದುಡಿಯುತ್ತೆ" ಅನ್ನುತ್ತಾಳೆ. ತೀರ್ಪು ಕೊಡಲು ಹೋಗಬೇಡಿ. "ಯಾಕೆ ಹಾಗನ್ನಿಸುತ್ತೆ?" ಅಂತ ಮಾತ್ರ ಕೇಳಿ. ಗಾಣವನ್ನು ಎತ್ತಿ ಹಿಡಿದು, "ಇದನ್ನೂ ಯಾರೋ ಮಾಡಿದಾರೆ ಅಲ್ವಾ?" ಅಂತ ಒಂದು ಮಗುವಾದರೂ ಹೇಳಿದರೆ ಅವತ್ತಿನ ಪಾಠ ಗೆದ್ದ ಹಾಗೆ. ಯಾರೂ ಹೇಳದಿದ್ದರೆ ನೀವೇ ಕೇಳಿ.

ದುಡ್ಡಿನ ಮಾತು ಬಂದೇ ಬರುತ್ತದೆ. "ದುಡ್ಡು ಇದ್ರೆ ಬೆಲ್ಲ ಆಗುತ್ತೆ" ಅನ್ನುತ್ತಾರೆ. ಆಗ ಒಂದು ನೋಟು ತೆಗೆದು ಕೇಳಿ: "ಇದನ್ನು ಕೊಪ್ಪರಿಗೆಗೆ ಹಾಕಿ ಕಾಯಿಸಿದರೆ ಬೆಲ್ಲ ಆಗುತ್ತಾ?" ಮಕ್ಕಳು ಹೋ ಅಂತ ನಗುತ್ತಾರೆ. ದುಡ್ಡು ಬೆಲ್ಲ ಕೊಳ್ಳುತ್ತದೆ, ಬೆಲ್ಲ ಮಾಡುವುದಿಲ್ಲ ಅನ್ನುವುದು ಆ ನಗುವಿನಲ್ಲೇ ಅವರಿಗೆ ದಕ್ಕುತ್ತದೆ.

ಮಾರನೇ ದಿನ ಅದೇ ಕಾರ್ಡುಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿ. ಒಂದನ್ನು ತೆಗೆದು ಬಚ್ಚಿಡಿ. ನೀರಿನ ಕಾರ್ಡು ಹೋದರೆ ಏನೇನು ನಿಲ್ಲುತ್ತದೆ? ನಾಲೆ ಪಕ್ಕದ ಊರಿನ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. 2023ರಲ್ಲಿ ಮಳೆ ಕೈಕೊಟ್ಟು ಕಟ್ಟೆ ತುಂಬದೇ ಹೋದದ್ದು ಮನೆಮನೆಯ ಮಾತಾಗಿತ್ತು. ಉರಿ ಹಾಕುವವರ ಕಾರ್ಡು ಹೋದರೆ? ಅಚ್ಚು ಇಲ್ಲದಿದ್ದರೆ? ಅಚ್ಚಿಲ್ಲದಿದ್ದರೆ ಉಂಡೆ ಕಟ್ಟಬಹುದು, ಬಕೆಟ್ಟಿಗೆ ಸುರಿಯಬಹುದು ಅಂತ ಮಕ್ಕಳೇ ದಾರಿ ಹುಡುಕುತ್ತಾರೆ. ನೀರಿಗೆ ಬದಲು ಹುಡುಕಲು ಮಾತ್ರ ಯಾರಿಂದಲೂ ಆಗುವುದಿಲ್ಲ.

ಹೆಜ್ಜೆ 5: ಕೈಯಾರೆ ಮಾಡಿ

ಮಕ್ಕಳಿಗೆ ಎಲ್ಲಕ್ಕಿಂತ ನೆನಪಿನಲ್ಲಿ ಉಳಿಯುವುದು ಈ ದಿನ. ಒಂದೂವರೆ ಗಂಟೆ ಇಟ್ಟುಕೊಳ್ಳಿ.

ಕಬ್ಬಿನ ಹಾಲಿನ ಅಂಗಡಿಯಿಂದ ಒಂದು ಲೀಟರ್ ಹಾಲು ತನ್ನಿ. "ಐಸ್ ಬೇಡ, ಶುಂಠಿ ಬೇಡ, ನಿಂಬೆಹಣ್ಣು ಬೇಡವೇ ಬೇಡ" ಅಂತ ಹೇಳಿ ಹಿಂಡಿಸಿ. ಹುಳಿ ಸೇರಿದರೆ ಬೆಲ್ಲ ಗಟ್ಟಿಯಾಗುವುದಿಲ್ಲ. ತಂದ ತಕ್ಷಣ ಮಾಡಿ, ಇಟ್ಟರೆ ಹುಳಿ ಬರುತ್ತದೆ. ಅಂಗಡಿಯವರನ್ನು ಕೇಳಿ ಒಂದಿಷ್ಟು ಸಿಪ್ಪೆಯನ್ನೂ ತನ್ನಿ, ಮಕ್ಕಳು ಹಿಂಡಿ ನೋಡಲಿ. ಕೈಯಲ್ಲಿ ಹಿಂಡಿದರೆ ಅದರಿಂದ ಹಾಲು ಬರುವುದು ಕಷ್ಟ.

ದಪ್ಪ ತಳದ, ಅಗಲ ಬಾಯಿಯ ಪಾತ್ರೆ ಇರಲಿ. ಅರ್ಧಕ್ಕಿಂತ ಕಮ್ಮಿ ತುಂಬಿರಬೇಕು, ಕುದಿಯುವಾಗ ನೊರೆ ಉಕ್ಕುತ್ತದೆ. ತೆಳು ಬಟ್ಟೆಯಲ್ಲಿ ಸೋಸುವ ಕೆಲಸ ಮಕ್ಕಳದು. ಒಲೆ ಹಚ್ಚುವುದರಿಂದ ಪಾಕ ಇಳಿಸುವ ತನಕ ದೊಡ್ಡವರದು. ಬಿಸಿ ಆಗುತ್ತಿದ್ದಂತೆ ಎಲೆ ಅಡಿಕೆಗೆ ಬಳಸುವ ಸುಣ್ಣವನ್ನು ಒಂದು ಅಕ್ಕಿ ಕಾಳಿನಷ್ಟು ನೀರಿನಲ್ಲಿ ಕದಡಿ ಹಾಕಿ. ಹಸಿರು ಬೂದು ಬಣ್ಣದ ಕೊಳೆ ಮೇಲೆ ಕಟ್ಟುತ್ತದೆ. ಅದನ್ನು ತೆಗೆದು ಒಂದು ಬಟ್ಟಲಿಗೆ ಹಾಕುತ್ತಾ ಹೋಗಿ, ಮಕ್ಕಳಿಗೆ ತೋರಿಸಿ.

ಆಮೇಲೆ ಕಾಯುವುದು. ಮಕ್ಕಳಿಗೆ ಬೇಜಾರಾಗುತ್ತದೆ. ಆಗಲಿ, ಬಿಡಿ. "ಇನ್ನೂ ಆಗ್ಲಿಲ್ವಾ?" ಅಂತ ಮಗು ನಾಲ್ಕನೇ ಸಲ ಕೇಳಿದಾಗ ನಾನು ಹೇಳುವುದಿಷ್ಟೇ: "ಆಲೆಮನೆಯ ಅಣ್ಣ ಬೆಳಗ್ಗೆಯಿಂದ ಹೀಗೇ ನಿಂತಿರ್ತಾರೆ." ಇಪ್ಪತ್ತು ನಿಮಿಷಕ್ಕೆ ಬಣ್ಣ ತಿರುಗುತ್ತದೆ. ನೊರೆ ದೊಡ್ಡ ಗುಳ್ಳೆಯಿಂದ ಸಣ್ಣ ಗುಳ್ಳೆಗೆ ಬರುತ್ತದೆ. ವಾಸನೆ ಹಸಿ ಹುಲ್ಲಿನದು ಹೋಗಿ ಬೆಲ್ಲದ್ದಾಗುತ್ತದೆ. ಕಣ್ಣು ಮುಚ್ಚಿಸಿ ಮೂಸಿಸಿ ಕೇಳಿ. ಪಾತ್ರೆ, ಉರಿ ನೋಡಿಕೊಂಡು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಕೊನೆಯ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕೈ ಬಿಡದೆ ಮಗುಚಿ.

ಒಂದು ಎಚ್ಚರಿಕೆ. ಪಾಕ ಕುದಿಯುವ ನೀರಿಗಿಂತ ಬಿಸಿ. ಮೈಮೇಲೆ ಬಿದ್ದರೆ ಜಾರುವುದಿಲ್ಲ, ಅಂಟಿಕೊಂಡು ಸುಡುತ್ತದೆ. ಒಲೆಯಿಂದ ಎರಡು ಮಾರು ದೂರ ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಮಕ್ಕಳು ಅದರ ಆಚೆ ಕೂರಲಿ. ಪಕ್ಕದಲ್ಲಿ ಒಂದು ಬಕೆಟ್ ತಣ್ಣೀರಿರಲಿ.

ತಣ್ಣೀರಿಗೆ ಬಿಟ್ಟ ತೊಟ್ಟು ಉಂಡೆ ಕಟ್ಟಿದರೆ ಇಳಿಸಿ. ಮಗುಚುತ್ತಾ ಆರಿಸಿ. ಕೈ ತಡೆಯುವಷ್ಟು ಬಿಸಿ ಇದ್ದಾಗ ತುಪ್ಪ ಸವರಿದ ಪುಟ್ಟ ಬಟ್ಟಲುಗಳಿಗೆ ಮಕ್ಕಳೇ ತುಂಬಿ ಒತ್ತಲಿ. ಒಂದು ಲೀಟರಿಗೆ 150ರಿಂದ 200 ಗ್ರಾಂ ಬೆಲ್ಲ ಬರುತ್ತದೆ. "ಇಷ್ಟೇನಾ?" ಅಂತ ಮಕ್ಕಳ ಮುಖ ಸಣ್ಣಗಾಗುತ್ತದೆ. ಅಷ್ಟೊಂದು ಹಾಲು, ಅಷ್ಟು ಹೊತ್ತು, ಇಷ್ಟೇ ಬೆಲ್ಲ. ಎಷ್ಟು ಪಾಠ ಹೇಳಿದರೂ ಬಾರದ ತಿಳುವಳಿಕೆ ಇದು.

ಗಟ್ಟಿಯಾಗಲಿಲ್ಲವಾ? ಚಿಂತೆ ಬೇಡ. ಮಲೆನಾಡಿನವರು ಅದನ್ನೇ ಜೋನಿ ಬೆಲ್ಲ ಅಂತ ದೋಸೆಗೆ ಹಾಕಿಕೊಂಡು ತಿನ್ನುತ್ತಾರೆ. ಪಾಕ ನೋಡುವುದು ಎಷ್ಟು ದೊಡ್ಡ ವಿದ್ಯೆ ಅಂತ ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗಲ್ಲ.

ಹೆಜ್ಜೆ 6: ಎಳ್ಳು ಬೆಲ್ಲದ ಸಾಲು

ಕೆಲಸ ಹಂಚಿಕೊಳ್ಳುವುದು ಅಂದರೇನು ಅಂತ ತೋರಿಸಲು ಒಂದು ಆಟ. ಹೆಚ್ಚಿದ ಕೊಬ್ಬರಿ, ಬೆಲ್ಲ, ಎಳ್ಳು, ಹುರಿಗಡಲೆ, ಕಡಲೆಬೀಜ ಬೇರೆ ಬೇರೆ ಬಟ್ಟಲಲ್ಲಿಡಿ. ಮೊದಲ ಹತ್ತು ನಿಮಿಷ ಪ್ರತಿ ಮಗುವೂ ಒಬ್ಬೊಬ್ಬರೇ ಎಲ್ಲವನ್ನೂ ಅಳೆದು ಹಾಕಿ, ಪೊಟ್ಟಣ ಕಟ್ಟಲಿ. ಎಣಿಸಿ. ಆಮೇಲಿನ ಹತ್ತು ನಿಮಿಷ ಸಾಲಾಗಿ ಕೂರಲಿ: ಒಬ್ಬಳು ಎಳ್ಳು, ಒಬ್ಬ ಬೆಲ್ಲ, ಹೀಗೆ, ಕೊನೆಯವರು ದಾರ ಕಟ್ಟುವವರು. ಮತ್ತೆ ಎಣಿಸಿ. ಸಾಮಾನ್ಯವಾಗಿ ಎರಡನೆಯದೇ ಜಾಸ್ತಿ ಬರುತ್ತದೆ.

ಇಲ್ಲಿಗೇ ನಿಲ್ಲಿಸಿದರೆ ಅರ್ಧ ಸತ್ಯ ಕಲಿಸಿದ ಹಾಗೆ. ಇನ್ನೆರಡು ಕೆಲಸ ಮಾಡಿ. ಮಧ್ಯದ ಒಂದು ಮಗುವನ್ನು ಎಬ್ಬಿಸಿ, "ಇವತ್ತು ಇವಳಿಗೆ ಜ್ವರ" ಅನ್ನಿ. ಸಾಲು ಹೇಗೆ ಕಟ್ಟಿಕೊಳ್ಳುತ್ತದೆ ನೋಡಲಿ. ಆಮೇಲೆ ಬರೀ ಎಳ್ಳು ಹಾಕುತ್ತಿದ್ದವಳನ್ನು ಕೇಳಿ: "ಇಡೀ ದಿನ ಇದೇ ಮಾಡು ಅಂದ್ರೆ?" ಒಬ್ಬಳು ನನಗೆ ಹೇಳಿದ ಉತ್ತರ ಇನ್ನೂ ನೆನಪಿದೆ. "ಕೈ ನೋಯಲ್ಲ ಮಿಸ್, ಬೇಜಾರಾಗುತ್ತೆ." ದುಡಿಮೆಯ ದಣಿವು ಬರೀ ಮೈಯದ್ದಲ್ಲ ಅನ್ನುವುದನ್ನು ಏಳು ವರ್ಷದ ಮಗು ಹೇಳಿತ್ತು.

ಹೆಜ್ಜೆ 7: ಆಲೆಮನೆಗೆ ಹೋಗಿ, ಕೆಲಸದವರನ್ನು ಮಾತಾಡಿಸಿ

ಹಿಂದಿನ ದಿನವೇ ಯಜಮಾನರನ್ನು ಕೇಳಿ ಒಪ್ಪಿಗೆ ಪಡೆಯಿರಿ. ಹತ್ತು ಮಕ್ಕಳಿಗೆ ಇಬ್ಬರು ದೊಡ್ಡವರಾದರೂ ಇರಬೇಕು. ಗಾಣದ ಹತ್ತಿರ ಯಾರನ್ನೂ ಬಿಡಬೇಡಿ, ಅದು ಕಬ್ಬನ್ನು ಎಳೆದುಕೊಂಡ ಹಾಗೇ ಕೈಯನ್ನೂ ಬಟ್ಟೆಯನ್ನೂ ಎಳೆದುಕೊಳ್ಳುತ್ತದೆ. ವೇಲು, ಉದ್ದ ಲಂಗ ಅವತ್ತು ಬೇಡ. ಜಡೆ ಮೇಲೆ ಕಟ್ಟಿಸಿ. ಕೊಪ್ಪರಿಗೆಗಳು ನೆಲದ ಮಟ್ಟಕ್ಕೇ ಇರುವುದರಿಂದ ಅಲ್ಲಿಯೂ ದೂರದಲ್ಲೇ ನಿಲ್ಲಿಸಿ.

ಪ್ರಶ್ನೆಗಳನ್ನು ಮೊದಲೇ ಮಕ್ಕಳಿಂದ ಹೇಳಿಸಿ ತಿದ್ದಿ. ಅಣ್ಣ, ಅಕ್ಕ, ತಾತ ಅಂತ ಕರೆದು ಮಾತಾಡಿಸಲಿ. "ನಿಮ್ಮೂರು ಯಾವುದು?" "ಈ ಕೆಲಸ ಯಾರು ಹೇಳಿಕೊಟ್ಟರು?" "ಎಷ್ಟು ಗಂಟೆಗೆ ಏಳ್ತೀರಿ?" "ಯಾವುದು ಕಷ್ಟ?" "ನಿಮಗೆ ಬೆಲ್ಲ ಇಷ್ಟಾನಾ?" ಸಂಬಳದ ಪ್ರಶ್ನೆಯನ್ನು ಮಕ್ಕಳ ಬಾಯಲ್ಲಿ ಎಲ್ಲರೆದುರು ಕೇಳಿಸಬೇಡಿ. ಮಂಡ್ಯದ ಆಲೆಮನೆಗಳಲ್ಲಿ ಉತ್ತರ ಪ್ರದೇಶ, ಬಿಹಾರದ ಕಡೆಯಿಂದ ಬಂದು ದುಡಿಯುವವರೂ ಇದ್ದಾರೆ. ಕನ್ನಡ ಬರದವರ ಹತ್ತಿರ ಕೈಸನ್ನೆಯಲ್ಲೇ ಮಾತಾಡಲಿ. ಆಮೇಲೆ ಭೂಪಟದಲ್ಲಿ ಅವರ ಊರನ್ನು ತೋರಿಸಿ.

ಮಕ್ಕಳೆಲ್ಲ ಕೊಪ್ಪರಿಗೆಯ ಸುತ್ತಲೇ ಸೇರುತ್ತಾರೆ. ಅಲ್ಲಿ ನೊರೆ ಇದೆ, ಹೊಗೆ ಇದೆ, ವಾಸನೆ ಇದೆ. ನೀವು ಅವರನ್ನು ಹಿಂದಿನ ಕಡೆಗೂ ಕರೆದುಕೊಂಡು ಹೋಗಿ. ಅಲ್ಲಿ ಒಲೆಯ ಬಾಯಿ ಇರುತ್ತದೆ, ಒಬ್ಬರು ಸಿಪ್ಪೆ ತಳ್ಳುತ್ತಾ ಕೂತಿರುತ್ತಾರೆ. ಬೆಲ್ಲ ಅವರಿಗೆ ಕಾಣುವುದೇ ಇಲ್ಲ, ಕಾಣುವುದು ಉರಿ ಮಾತ್ರ. ಒಮ್ಮೆ ನನ್ನ ಜೊತೆ ಬಂದಿದ್ದ ಹುಡುಗ ಅಂಥ ಒಬ್ಬ ಅಜ್ಜನ ಹತ್ತಿರ ಕೂತು, "ತಾತ, ಉರಿ ಸಾಕು ಅಂತ ನಿಮಗೆ ಹೆಂಗೆ ಗೊತ್ತಾಗುತ್ತೆ?" ಅಂತ ಕೇಳಿದ. ಅಜ್ಜ ಮೇಲಿನಿಂದ ಬರುವ ಕೂಗಿಗೆ ಕಿವಿಗೊಟ್ಟು ಕೂರುತ್ತಾರಂತೆ. ಆಮೇಲೆ ತಮ್ಮ ಅಂಗೈ ತೋರಿಸಿದರು. ಜಡ್ಡುಗಟ್ಟಿ ಹಲಗೆಯ ಹಾಗಾಗಿತ್ತು. ಹುಡುಗ ಒಂದು ಬೆರಳಿಂದ ಅದನ್ನು ಮುಟ್ಟಿ ನೋಡಿದ. ಮಾರನೇ ದಿನ ಅವನು ಬರೆದ ಚಿತ್ರದಲ್ಲಿ ಆ ಕೈ ಕೊಪ್ಪರಿಗೆಗಿಂತ ದೊಡ್ಡದಿತ್ತು.

ಇಲ್ಲಿ ಒಂದು ಮಾತನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ. "ನೋಡಿ, ಸರಿಯಾಗಿ ಓದದಿದ್ರೆ ನೀವೂ ಹೀಗೆ ಕಬ್ಬು ಕಡೀಬೇಕಾಗುತ್ತೆ" ಅಂತ ಯಾವತ್ತೂ, ಯಾರೂ ಹೇಳಬೇಡಿ. ಹತ್ತು ದಿನ ಕಟ್ಟಿದ್ದನ್ನು ಈ ಒಂದು ಮಾತು ಹಾಳು ಮಾಡುತ್ತದೆ. ಕೆಲಸ ಮಾಡುತ್ತಿರುವವರ ಕಿವಿಗೂ ಅದು ಬೀಳುತ್ತದೆ. ಕ್ಲಾಸಿನಲ್ಲಿ ಕಬ್ಬು ಕಡಿಯುವವರ ಮಕ್ಕಳೂ ಇರುತ್ತಾರೆ. "ಅಯ್ಯೋ ಪಾಪ" ಅನ್ನುವ ಮಾತೂ ಬೇಡ. ಅವರ ಕಷ್ಟ ನಿಜ, ಅವರ ಜಾಣ್ಮೆಯೂ ನಿಜ. ಎರಡನ್ನೂ ಒಟ್ಟಿಗೇ ನೋಡಲಿ.

ಅಲ್ಲಿ ಶಾಲೆಗೆ ಹೋಗಬೇಕಾದ ವಯಸ್ಸಿನ ಮಗು ದುಡಿಯುತ್ತಿರುವುದು ಕಂಡರೆ, ಮಕ್ಕಳೇ ಮೊದಲು ಗಮನಿಸುತ್ತಾರೆ. ಮರೆಮಾಚಬೇಡಿ. 14 ವರ್ಷದೊಳಗಿನವರನ್ನು ಹೀಗೆ ಕೆಲಸಕ್ಕೆ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ ಅಂತ ಸರಳವಾಗಿ ಹೇಳಿ. ಆಮೇಲೆ ನೀವು 1098ಕ್ಕೆ ಫೋನ್ ಮಾಡಿ.

ಹೆಜ್ಜೆ 8: ಹುಣಸೆಬೀಜ ಹಂಚುವ ಆಟ

ಇದು ಏಳೆಂಟು ವರ್ಷದವರಿಗೆ ಮಾತ್ರ, ಚಿಕ್ಕವರಿಗೆ ಬೇಡ. ಇಪ್ಪತ್ತು ಹುಣಸೆಬೀಜ ಕೊಡಿ. "ಒಂದು ಅಚ್ಚು ಬೆಲ್ಲ ಮಾರಿದರೆ ಇಷ್ಟು ಬಂತು. ಯಾರ್‍ಯಾರಿಗೆ ಎಷ್ಟು ಕೊಡ್ತೀರಿ?" ಜನರ ಕಾರ್ಡುಗಳ ಮುಂದೆ ಬೀಜ ಇಡಲಿ. ಎಲ್ಲರಿಗೂ ಎರಡೆರಡು ಅನ್ನುವವರಿರುತ್ತಾರೆ, ಉರಿ ಹಾಕುವವರಿಗೆ ಜಾಸ್ತಿ ಅನ್ನುವವರಿರುತ್ತಾರೆ. ಮಳೆ ಬಾರದ ವರ್ಷ ಯಾರ ಬೀಜ ಕಮ್ಮಿಯಾಗುತ್ತದೆ ಅಂತ ಕೇಳಿ. ಉತ್ತರ ಹೇಳಿ ಮುಗಿಸುವ ಆತುರ ಬೇಡ. ಮನೆಗೆ ಹೋಗಿ ಅಪ್ಪ ಅಮ್ಮನನ್ನು ಕೇಳಲಿ.

ಮಂಡ್ಯ ದೂರ ಇದ್ದವರಿಗೆ

ಆಲೆಮನೆ ಹತ್ತಿರ ಇಲ್ಲದಿದ್ದರೆ ಕಬ್ಬಿನ ಹಾಲಿನ ಗಾಡಿಯವರನ್ನೇ ಮಾತಾಡಿಸಿ. ಅವರ ಹತ್ತಿರವೂ ಗಾಣ ಇದೆ, ಸಿಪ್ಪೆ ಇದೆ, ಹೇಳಲು ಕಥೆಯೂ ಇದೆ. ಹೊರದೇಶದಲ್ಲಿರುವ ಕನ್ನಡಿಗರು ಅಲ್ಲಿನ ಬೇಕರಿಯ ಬ್ರೆಡ್ಡನ್ನು ಹಿಡಿಯುವುದು ಒಳ್ಳೆಯದು, ಮಗು ನೋಡಬಹುದಾದ ಜನ ಅಲ್ಲಿದ್ದಾರೆ. ಬೆಲ್ಲವನ್ನು ಅಜ್ಜಿಯ ಜೊತೆ ವಿಡಿಯೊ ಕಾಲ್‌ನಲ್ಲಿ ಹಿಂದಕ್ಕೆ ನಡೆಸಬಹುದು. ಉಪ್ಪು ಆರಿಸಿಕೊಂಡವರಿಗೆ ಕೆಲಸ ಇನ್ನೂ ಸುಲಭ. ಒಂದು ತಟ್ಟೆಯಲ್ಲಿ ತೆಳುವಾಗಿ ಉಪ್ಪುನೀರು ಸುರಿದು ಬಿಸಿಲಿಗಿಡಿ, ನೀರು ಆರಿದ ಮೇಲೆ ಹರಳು ಕಾಣುತ್ತದೆ.

ಹತ್ತನೇ ದಿನ: ತಿಳಿಯಿತಾ ಅಂತ ನೋಡುವುದು

ಪರೀಕ್ಷೆ ಬೇಡ. ಮೊದಲ ದಿನದ ಹಾಳೆ ತೆಗೆದು ಗೋಡೆಗೆ ಅಂಟಿಸಿ. "ಅಂಗಡಿಯಲ್ಲಿತ್ತು" ಅನ್ನುವುದರ ಹಿಂದೆ ಏನೇನು ಸೇರಿಸಬೇಕು ಅಂತ ಮಕ್ಕಳೇ ಹೇಳಲಿ. ಆಮೇಲೆ ಬೆಲ್ಲದ ಹಾದಿಯ ಚಿತ್ರ ಬರೆಸಿ. ಚಿತ್ರದಲ್ಲಿ ಗಾಣ, ಲಾರಿ, ಕೊಪ್ಪರಿಗೆ ಎಲ್ಲ ಇದ್ದು ಜನರೇ ಇಲ್ಲದಿದ್ದರೆ ಏಳನೇ ಹೆಜ್ಜೆ ಮತ್ತೊಮ್ಮೆ ಬೇಕು ಅಂತ ತಿಳಿಯಿರಿ.

ಕೊನೆಗೆ ಬೇರೆ ಒಂದು ವಸ್ತು ಕೊಡಿ. ಮಡಕೆಯೋ, ಕರವಸ್ತ್ರವೋ, ಏನಾದರೂ ಸರಿ. ನೀವು ಏನೂ ಕೇಳಬೇಡಿ, ಸುಮ್ನೆ ಕೈಗೆ ಕೊಟ್ಟು ಕಾಯಿರಿ. ಯಾವ ಮಗು ಅದನ್ನು ತಿರುಗಿಸಿ ನೋಡಿ, "ಇದನ್ನು ಯಾರು ಮಾಡಿದ್ದು ಮಿಸ್?" ಅನ್ನುತ್ತದೋ ಅದಕ್ಕೆ ಪಾಠ ಹತ್ತಿದೆ.

ಕುಂಡದ ಕಬ್ಬನ್ನು ಮರೆಯಬೇಡಿ. ಮೊಳಕೆ ಮೊಣಕಾಲುದ್ದ ಆದ ಮೇಲೆ ಕುಂಡ ಸಾಲದು, ನೆಲಕ್ಕೆ ಇಳಿಸಿ. ಬೇಸಿಗೆ ರಜೆಯಲ್ಲಿ ಯಾರು ಯಾವ ವಾರ ನೀರು ಹಾಕಬೇಕು ಅಂತ ಈಗಲೇ ಮಕ್ಕಳ ಹೆಸರು ಬರೆದು ಗೋಡೆಗೆ ಹಾಕಿ. ಮುಂದಿನ ಸಂಕ್ರಾಂತಿಗೆ ಅದು ಕಡಿಯಲು ಬಂದಿರುತ್ತದೆ.